ಕರುಳಿನ ನೋವನ್ನು ಅಳೆಯುವುದು ಹೇಗೆ? ಪ್ರಯೋಗ ಕಟ್ಟುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕರುಳಿನ ಗೋಡೆಯನ್ನು ಕತ್ತರಿಸಿದರೆ ನೋವಾಗುವುದಿಲ್ಲ. ಎಂಡೋಸ್ಕೋಪಿ ಮಾಡುವ ಡಾಕ್ಟರು ಒಳಪದರದ ಚೂರೊಂದನ್ನು ಚಿವುಟಿ ತೆಗೆದರೂ ಎಚ್ಚರವಿರುವ ರೋಗಿಗೆ ಅದು ಗೊತ್ತೇ ಆಗುವುದಿಲ್ಲ. ಅದೇ ಕರುಳಿಗೆ ಒಂದಿಷ್ಟು ಗಾಳಿ ತುಂಬಿ ಹಿಗ್ಗಿಸಿ ನೋಡಿ, ಮುಖ ಹಿಂಡಿಕೊಳ್ಳುತ್ತಾರೆ. ನೂರು ವರ್ಷದ ಹಿಂದೆ ಇದು ದೊಡ್ಡ ಗೊಂದಲಕ್ಕೆ ಕಾರಣವಾಗಿತ್ತು. ಸ್ವೀಡನ್ನಿನ ಶಸ್ತ್ರವೈದ್ಯ ಲೆನಾಂಡರ್ ಹೊಟ್ಟೆಯ ಹೊರಗೋಡೆಯನ್ನಷ್ಟೇ ಮರಗಟ್ಟಿಸಿ ಆಪರೇಷನ್ ಮಾಡುವಾಗ, ಒಳಗಿನ ಅಂಗಗಳನ್ನು ಕುಯ್ದರೂ ಸುಟ್ಟರೂ ರೋಗಿಗಳು ನರಳದ್ದನ್ನು ಕಂಡು, ಅವುಗಳಿಗೆ ನೋವೇ ಇಲ್ಲ ಎಂದುಬಿಟ್ಟಿದ್ದರು. 1911ರಲ್ಲಿ ಇಂಗ್ಲೆಂಡಿನ ವೈದ್ಯ ಆರ್ಥರ್ ಹರ್ಟ್ಸ್ ಬಲೂನು ಹಿಗ್ಗಿಸಿದ ಪ್ರಯೋಗಗಳನ್ನು ಮುಂದಿಟ್ಟು, ಗೋಡೆ ಎಳೆತಕ್ಕೆ ಸಿಕ್ಕಾಗ ನೋವು ಹುಟ್ಟುತ್ತದೆ ಎಂದು ವಾದಿಸಿದರು. ಲೆನಾಂಡರ್ ಕಂಡದ್ದು ಸುಳ್ಳಾಗಿರಲಿಲ್ಲ. ಅವರು ಕೊಟ್ಟ ಪ್ರಚೋದನೆಯೇ ಆ ಅಂಗಕ್ಕೆ ಹೊಂದುವಂಥದ್ದಾಗಿರಲಿಲ್ಲ.

ಇಂದಿಗೂ ಈ ಕ್ಷೇತ್ರದ ಮುಕ್ಕಾಲು ತೊಂದರೆ ಅಲ್ಲೇ ಇದೆ. ಪ್ರಯೋಗ ಮಾಡುವಾಗ ಮೂರು ಸಂಗತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು: ಯಂತ್ರ ಕೊಟ್ಟದ್ದು, ಕರುಳಿನ ಗೋಡೆಗೆ ನಿಜವಾಗಿ ತಲುಪಿದ್ದು, ಮನುಷ್ಯ ಬಾಯಿಬಿಟ್ಟು ಹೇಳಿದ್ದು. ಇವು ಮೂರೂ ಒಂದೇ ಎಂದು ನಂಬಿ ಬರೆದ ಪ್ರಬಂಧಗಳು ಬೇಕಾದಷ್ಟಿವೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಮೂರನ್ನು ಬೇರ್ಪಡಿಸುವುದಕ್ಕೇ ಇರುವುದು.

ಒಂದು ಎಚ್ಚರಿಕೆ. ಇದು ವೈದ್ಯಕೀಯ, ಶರೀರಶಾಸ್ತ್ರ, ಔಷಧಶಾಸ್ತ್ರ ಓದುವವರಿಗೆ ಮತ್ತು ಸಂಶೋಧನೆಗೆ ಇಳಿಯುವವರಿಗೆ ಬರೆದದ್ದು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ, ಪಕ್ಕದಲ್ಲಿ ಅನುಭವಿ ವೈದ್ಯರು ಇಲ್ಲದೆ ಇದರಲ್ಲಿ ಯಾವುದನ್ನೂ ಮಾಡುವಂತಿಲ್ಲ.

ಚರ್ಮದ ನೋವಿಗೂ ಇದಕ್ಕೂ ಇರುವ ವ್ಯತ್ಯಾಸ

ಬೆರಳಿಗೆ ಮುಳ್ಳು ಚುಚ್ಚಿದರೆ ಎಲ್ಲಿ ಚುಚ್ಚಿತು ಎಂದು ಕಣ್ಣು ಮುಚ್ಚಿ ತೋರಿಸಬಹುದು. ಕರುಳಿನ ನೋವು ಹಾಗಲ್ಲ. "ಇಲ್ಲೆಲ್ಲೋ" ಎಂದು ಅಂಗೈ ಅಗಲಿಸಿ ತೋರಿಸುತ್ತಾರೆ. ಬೆನ್ನುಹುರಿಗೆ ಬರುವ ಸಂವೇದನೆಯ ನರತಂತುಗಳಲ್ಲಿ ಒಳಾಂಗಗಳ ಪಾಲು ನೂರಕ್ಕೆ ಹತ್ತರಷ್ಟೂ ಇಲ್ಲ. ಹೆಚ್ಚಿನವು ತೆಳುವಾದ, ನಿಧಾನವಾಗಿ ಸುದ್ದಿ ಒಯ್ಯುವ ತಂತುಗಳು. ಒಂದೊಂದು ತಂತೂ ಬೆನ್ನುಹುರಿಯಲ್ಲಿ ಹಲವು ಮಟ್ಟಗಳಿಗೆ ಹರಡಿಕೊಳ್ಳುತ್ತದೆ. ಚರ್ಮದಿಂದ, ಸ್ನಾಯುವಿನಿಂದ ಬಂದ ತಂತುಗಳೂ ಅದೇ ನರಕೋಶಗಳನ್ನು ಸೇರುತ್ತವೆ. ಹೀಗಾಗಿ ಕರುಳಿನ ನೋವು ಹೊಟ್ಟೆಯ ಮೇಲೋ ಬೆನ್ನಿನ ಮೇಲೋ ಕಾಣಿಸಿಕೊಳ್ಳುತ್ತದೆ. ಇದರ ಜೊತೆಗೆ ವಾಕರಿಕೆ, ಬೆವರು, ನಾಡಿಯ ಏರಿಳಿತ ಬೇರೆ. ಪ್ರಯೋಗದಲ್ಲಿ ಇವೆಲ್ಲಕ್ಕೂ ಜಾಗ ಇಟ್ಟುಕೊಂಡಿರಬೇಕು.

ಹೆಜ್ಜೆ 1: ಪ್ರಶ್ನೆ ಮೊದಲು, ಉಪಕರಣ ಆಮೇಲೆ

ಲ್ಯಾಬಿನಲ್ಲಿ ಬ್ಯಾರೋಸ್ಟಾಟ್ (ಕರುಳಿನೊಳಗಿನ ಚೀಲದ ಒತ್ತಡವನ್ನು ಸ್ಥಿರವಾಗಿಡುವ ಯಂತ್ರ) ಇದೆ ಎಂಬ ಕಾರಣಕ್ಕೆ ಅದನ್ನೇ ಬಳಸುವುದು ತುಂಬ ಸಾಮಾನ್ಯ. ಮೊದಲು ಒಂದು ವಾಕ್ಯದಲ್ಲಿ ಪ್ರಶ್ನೆ ಬರೆದುಕೊಳ್ಳಿ. ಹೊಸ ನೋವುನಿವಾರಕ ಕೆಲಸ ಮಾಡುತ್ತದೆಯೇ? ಐಬಿಎಸ್ (ಪರೀಕ್ಷೆಯಲ್ಲಿ ಗಾಯ ಕಾಣದಿದ್ದರೂ ಹೊಟ್ಟೆನೋವು, ಮಲದ ಏರುಪೇರು ಕಾಡುವ ತೊಂದರೆ) ಇರುವವರ ಕರುಳು ನಿಜವಾಗಿ ಹೆಚ್ಚು ಸೂಕ್ಷ್ಮವೇ? ಒಂದು ಕಡೆ ಉರಿ ಹಚ್ಚಿದರೆ ಬೆನ್ನುಹುರಿಯ ಮಟ್ಟದಲ್ಲಿ ನೋವಿನ ವ್ಯವಸ್ಥೆ ಕೆರಳುತ್ತದೆಯೇ? ಮೂರಕ್ಕೂ ಬೇಕಾದ ಪ್ರಯೋಗಗಳು ಬೇರೆ ಬೇರೆ. ಮೊದಲನೆಯದಕ್ಕೆ, ಇಂದು ಮತ್ತು ಮುಂದಿನ ವಾರ ಅಳೆದರೂ ಒಂದೇ ಉತ್ತರ ಕೊಡುವ ವಿಧಾನ ಬೇಕು. ಎರಡನೆಯದಕ್ಕೆ, ರೋಗಿಯ ಆತಂಕವನ್ನೂ ಕರುಳಿನ ಸೂಕ್ಷ್ಮತೆಯನ್ನೂ ಬಿಡಿಸಿ ನೋಡುವ ವಿಧಾನ ಬೇಕು. ಮೂರನೆಯದಕ್ಕೆ, ಕೆರಳಿಸುವ ಜಾಗವೇ ಒಂದು, ಅಳೆಯುವ ಜಾಗವೇ ಇನ್ನೊಂದು ಆಗಿರಬೇಕು.

ಹೆಜ್ಜೆ 2: ಯಾವ ಅಂಗ?

ಗುದನಾಳ ಎಲ್ಲಕ್ಕಿಂತ ಸುಲಭ. ಕೈಗೆಟುಕುತ್ತದೆ, ಬಲೂನು ಎಲ್ಲಿ ಕೂತಿದೆ ಎಂದು ಗೊತ್ತಿರುತ್ತದೆ, ಮಾಡಿದ ಅಧ್ಯಯನಗಳೂ ಜಾಸ್ತಿ. ಅನ್ನನಾಳವೂ ಒಳ್ಳೆಯ ಆಯ್ಕೆ. ಮೂಗಿನಿಂದಲೋ ಬಾಯಿಂದಲೋ ತೆಳು ನಳಿಗೆ ಇಳಿಸಬಹುದು, ಆಮ್ಲ, ಬಿಸಿ, ಹಿಗ್ಗುವಿಕೆ ಎಲ್ಲವನ್ನೂ ಒಂದೇ ಕಡೆ ಕೊಡಬಹುದು. ಜಠರದಲ್ಲಿ ದೊಡ್ಡ ಚೀಲ ಬೇಕು. ಅದರ ಗೋಡೆ ಊಟಕ್ಕೆ ತಕ್ಕಂತೆ ಸಡಿಲವಾಗುವುದರಿಂದ ಲೆಕ್ಕ ಜಟಿಲ. ದೊಡ್ಡ ಕರುಳಿನ ಮೇಲ್ಭಾಗ ತಲುಪಲು ಕೊಲೊನೋಸ್ಕೋಪಿಯ ನೆರವು ಬೇಕು, ಅದಕ್ಕೆ ಮುಂಚೆ ಭೇದಿ ಮಾಡಿಸಿ ಕರುಳು ತೊಳೆಯಬೇಕು. ಆ ತೊಳೆತವೇ ಸಂವೇದನೆಯನ್ನು ಬದಲಿಸಬಹುದು. ಸಣ್ಣ ಕರುಳಿನಲ್ಲಿ ಪ್ರಯೋಗ ಮಾಡುವವರು ಕಡಿಮೆ. ಹೊಟ್ಟೆಯ ಮೇಲೆ ಸ್ಟೋಮಾ (ಶಸ್ತ್ರಚಿಕಿತ್ಸೆಯಿಂದ ಕರುಳಿಗೆ ಮಾಡಿದ ಬಾಯಿ) ಇರುವ ಸ್ವಯಂಸೇವಕರು ಒಪ್ಪಿದರೆ ಮಾತ್ರ ಅಲ್ಲಿಗೆ ನೇರ ದಾರಿ ಸಿಗುತ್ತದೆ. ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ಹಚ್ಚಿ ಕರುಳಿನ ನೋವು ಅಳೆದ ಡೆನ್ಮಾರ್ಕಿನ ಪ್ರಯೋಗಗಳು ನಡೆದದ್ದು ಹಾಗೆಯೇ.

ಹೆಜ್ಜೆ 3: ಯಾವ ಪ್ರಚೋದನೆ?

ನಾಲ್ಕು ದಾರಿಗಳಿವೆ. ಹಿಗ್ಗಿಸುವುದು, ಕರೆಂಟು, ಬಿಸಿ ಅಥವಾ ತಂಪು, ರಾಸಾಯನಿಕ.

ಹಿಗ್ಗಿಸುವುದು ಸಹಜಕ್ಕೆ ಹತ್ತಿರ. ಗಾಳಿ ತುಂಬಿದಾಗ, ಮಲ ಕಟ್ಟಿದಾಗ ಆಗುವುದೂ ಅದೇ ತಾನೆ. ಆದರೆ ಲೆಕ್ಕ ತಪ್ಪುವುದೂ ಇಲ್ಲೇ ಹೆಚ್ಚು. ಹಳೆಯ ಪ್ರಯೋಗಗಳಲ್ಲಿ ಲೇಟೆಕ್ಸ್ ಬಲೂನು ಬಳಸಿ ಇಷ್ಟು ಮಿಲಿಲೀಟರ್ ಗಾಳಿ ಎಂದು ಬರೆಯುತ್ತಿದ್ದರು. ಬಲೂನಿನ ರಬ್ಬರಿಗೇ ಒಂದು ಬಿಗಿ ಇರುತ್ತದೆ. ಅಳತೆಗೆ ಸಿಗುವ ಒತ್ತಡದಲ್ಲಿ ಕರುಳಿನ ಪಾಲೆಷ್ಟು, ರಬ್ಬರಿನ ಪಾಲೆಷ್ಟು ಎಂದು ಹೇಳುವುದು ಕಷ್ಟ. ಅದಕ್ಕೇ ಈಗ ತೆಳುವಾದ ಪಾಲಿಥೀನ್ ಚೀಲ ಬಳಸುತ್ತಾರೆ. ಪೂರ್ತಿ ತುಂಬುವವರೆಗೆ ಅದು ತನ್ನದೇ ಒತ್ತಡ ಹಾಕುವುದಿಲ್ಲ.

1980ರ ದಶಕದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಅಜ್ಪಿರೋಜ್ ಮತ್ತು ಮಲಗೆಲಾಡಾ ಅಭಿವೃದ್ಧಿಪಡಿಸಿದ ಎಲೆಕ್ಟ್ರಾನಿಕ್ ಬ್ಯಾರೋಸ್ಟಾಟ್ ಈ ಚೀಲಕ್ಕೆ ಜೊತೆಯಾಯಿತು. ಕರುಳು ಬಿಗಿದರೆ ಯಂತ್ರ ಗಾಳಿ ಎಳೆದುಕೊಳ್ಳುತ್ತದೆ, ಸಡಿಲವಾದರೆ ತುಂಬುತ್ತದೆ. ಒತ್ತಡ ಮಾತ್ರ ನಾವು ಹೇಳಿದಷ್ಟೇ ಇರುತ್ತದೆ.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ನರದ ತುದಿಗೆ ಗೊತ್ತಾಗುವುದು ಬಹುಪಾಲು ಗೋಡೆಯ ಎಳೆತ. ದುಂಡನೆಯ ಚೀಲಕ್ಕೆ ಈ ಎಳೆತ ಸುಮಾರಾಗಿ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟು. ಲಾಪ್ಲಾಸ್ ನಿಯಮ ಎಂದು ಓದಿರುತ್ತೀರಿ. ಈಗ ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ಒತ್ತಡವನ್ನು ಮೊದಲಿನಷ್ಟೇ ಇಟ್ಟಿರಿ ಅಂದುಕೊಳ್ಳಿ. ಚೀಲ ದೊಡ್ಡದಾಗುತ್ತದೆ, ತ್ರಿಜ್ಯ ಹೆಚ್ಚುತ್ತದೆ, ಎಳೆತವೂ ಹೆಚ್ಚುತ್ತದೆ. ಔಷಧಿ ನೋವು ಹೆಚ್ಚಿಸಿತು ಎಂದು ಬರೆದುಬಿಡುತ್ತೀರಿ. ಅದೇ ಪ್ರಯೋಗವನ್ನು ಗಾತ್ರ ಸ್ಥಿರವಾಗಿಟ್ಟು ಮಾಡಿದರೆ ಒತ್ತಡ ಇಳಿಯುತ್ತದೆ, ಎಳೆತವೂ ಇಳಿಯುತ್ತದೆ. ಔಷಧಿ ನೋವು ಕಡಿಮೆ ಮಾಡಿತು ಎನ್ನುತ್ತೀರಿ. ನಿಜ ಹೇಳಬೇಕೆಂದರೆ ಎರಡೂ ಸಲ ನೋವಿನ ನರಕ್ಕೆ ಔಷಧಿ ಏನೂ ಮಾಡಿಲ್ಲದೆ ಇರಬಹುದು. 1999ರಲ್ಲಿ ಬಾರ್ಸಿಲೋನಾದ ತಂಡವೊಂದು ಜಠರದ ಗೋಡೆಯ ಎಳೆತವನ್ನೇ ನಿಯಂತ್ರಿಸಿ, ಅರಿವು ಎಳೆತದ ಜೊತೆ ಸಾಗುತ್ತದೆ ಎಂದು ತೋರಿಸಿತು. ಎಳೆತ ನಿಯಂತ್ರಿಸುವ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ಒತ್ತಡ ಮತ್ತು ಗಾತ್ರ ಎರಡನ್ನೂ ಉದ್ದಕ್ಕೂ ದಾಖಲಿಸಿ. ಆಮೇಲೆ ಲೆಕ್ಕ ಹಾಕಬಹುದು. ಇಂಪೀಡೆನ್ಸ್ ಪ್ಲಾನಿಮೆಟ್ರಿ ಎಂಬ ವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚೀಲದೊಳಗೆ ಉಪ್ಪುನೀರು ತುಂಬಿ, ವಿದ್ಯುತ್ ಅಡಚಣೆಯಿಂದ ಚೀಲದ ಅಡ್ಡಕೊಯ್ತದ ವಿಸ್ತೀರ್ಣವನ್ನೇ ಅಳೆಯುತ್ತದೆ.

ಕರೆಂಟು ಕೊಡುವುದರಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಪ್ರಚೋದನೆ ಶುರುವಾದ ಗಳಿಗೆ ಮಿಲಿಸೆಕೆಂಡಿನ ಲೆಕ್ಕದಲ್ಲಿ ಗೊತ್ತಿರುತ್ತದೆ. ಹಾಗಾಗಿ ಮಿದುಳಿನ ಅಲೆಗಳನ್ನು ದಾಖಲಿಸಲು ಇದು ತುಂಬ ಒಳ್ಳೆಯದು. ಆದರೆ ಕರೆಂಟು, ಪ್ರಚೋದನೆಯನ್ನು ಗುರುತಿಸುವ ನರತುದಿಯ ಅಣುಗಳಾದ ನೋವಿನ ರಿಸೆಪ್ಟರ್‌ಗಳನ್ನು ದಾಟಿ ಸೀದಾ ನರತಂತುವನ್ನೇ ಕೆರಳಿಸುತ್ತದೆ. ರಿಸೆಪ್ಟರಿನ ಮೇಲೆ ಕೆಲಸ ಮಾಡುವ ಔಷಧಿಯನ್ನು ಇದರಿಂದ ಪರೀಕ್ಷಿಸಿದರೆ ಏನೂ ಕಾಣಿಸುವುದಿಲ್ಲ. ಅನ್ನನಾಳದಲ್ಲಿ ಮಾಡುವಾಗ ಹೃದಯ ಪಕ್ಕದಲ್ಲೇ ಇದೆ ಎಂಬುದನ್ನು ಮರೆಯಬೇಡಿ. ಇಸಿಜಿ ಉದ್ದಕ್ಕೂ ಓಡುತ್ತಿರಲಿ.

ಬಿಸಿ ಕೊಡಲು ಚೀಲದೊಳಗೆ ನೀರು ಸುತ್ತಿಸುತ್ತಾರೆ. ಟಿಆರ್‌ಪಿವಿ1 ಎಂಬ ರಿಸೆಪ್ಟರ್ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ, ಆಮ್ಲಕ್ಕೂ, ಕ್ಯಾಪ್ಸೈಸಿನ್‌ಗೂ ಸ್ಪಂದಿಸುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ಕೆಲಸಕ್ಕಾಗಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಬಿಸಿ ಪ್ರಯೋಗದಲ್ಲಿ ಪಂಪಿನ ಬಳಿ ಅಳೆದ ಉಷ್ಣತೆ ಲೆಕ್ಕಕ್ಕಿಲ್ಲ. ಸೆನ್ಸರ್ ಚೀಲದೊಳಗೇ ಇರಬೇಕು.

ರಾಸಾಯನಿಕ ಪ್ರಚೋದನೆ ರೋಗಕ್ಕೆ ಬಹಳ ಹತ್ತಿರ, ನಿಯಂತ್ರಣಕ್ಕೆ ಬಹಳ ದೂರ. ಎಷ್ಟು ಸೆಕೆಂಡಿಗೆ ನೋವು ಬಂತು, ಎಷ್ಟು ಹೊತ್ತು ಉಳಿಯಿತು ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ತುಂಬ ಬೇರೆ. ಒಮ್ಮೆ ಕೆರಳಿದ ಅಂಗ ಆ ದಿನ ಮೊದಲಿನಂತಾಗುವುದೂ ಕಷ್ಟ. ನನ್ನ ಮಟ್ಟಿಗೆ ಇದನ್ನು ಅಳತೆಯ ಸಾಧನವಾಗಿ ಬಳಸುವುದಕ್ಕಿಂತ ಕೆರಳಿಸುವ ಸಾಧನವಾಗಿ ಬಳಸುವುದೇ ಮೇಲು. ಅಂದರೆ ಆಮ್ಲ ಹರಿಸಿ ಕೆರಳಿಸಿ, ಬಲೂನಿನಿಂದ ಅಳೆಯಿರಿ.

ಡೆನ್ಮಾರ್ಕಿನ ಆಲ್ಬೋರ್ಗ್‌ನಲ್ಲಿ ಆಸ್ಬ್ಯೋರ್ನ್ ಡ್ರೆವೆಸ್ ಅವರ ತಂಡ ಒಂದೇ ನಳಿಗೆಯಲ್ಲಿ ನಾಲ್ಕೂ ಬಗೆಯ ಪ್ರಚೋದನೆ ಕೊಡುವ ಪ್ರೋಬ್ ಕಟ್ಟಿ 2000ದ ದಶಕದ ಆರಂಭದಿಂದ ಬಳಸುತ್ತ ಬಂದಿದೆ. ಒಂದು ಬಗೆಯ ಪ್ರಚೋದನೆಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದೆ ಹೋಗುವುದು ಎಷ್ಟು ಸಾಮಾನ್ಯ ಎಂಬುದು ಇಂಥ ಪ್ರಯೋಗಗಳಿಂದಲೇ ತಿಳಿಯುತ್ತದೆ.

ಹೆಜ್ಜೆ 4: ಒಪ್ಪಿಗೆ ಮತ್ತು ಸುರಕ್ಷತೆ

ನೋವು ಕೊಡುವ ಪ್ರಯೋಗಕ್ಕೆ ಒಪ್ಪಿಗೆ ಪತ್ರ ಬರೆಯುವಾಗ "ಸ್ವಲ್ಪ ಅಸೌಕರ್ಯ ಆಗಬಹುದು" ಎಂದು ಮೆತ್ತಗೆ ಬರೆಯಬೇಡಿ. ನೋವಾಗುತ್ತದೆ ಎಂದೇ ಬರೆಯಿರಿ. ಯಾವ ಕ್ಷಣದಲ್ಲಾದರೂ ನಿಲ್ಲಿಸುವ ಗುಂಡಿ ಸ್ವಯಂಸೇವಕರ ಕೈಯಲ್ಲಿರಬೇಕು. ಅದನ್ನು ಒತ್ತಿದರೆ ಚೀಲದ ಗಾಳಿ ತಕ್ಷಣ ಹೊರಹೋಗಬೇಕು. ಪ್ರಯೋಗ ಶುರುವಾಗುವ ಮುಂಚೆ ಅವರೇ ಒಮ್ಮೆ ಒತ್ತಿ ನೋಡಲಿ. ಗುಂಡಿ ಕೆಲಸ ಮಾಡುತ್ತದೆ ಎಂದು ಕಣ್ಣಾರೆ ಕಂಡವರ ಆತಂಕ ಇಳಿಯುತ್ತದೆ, ಆತಂಕ ಇಳಿದರೆ ಅಳತೆಯೂ ಸ್ವಚ್ಛವಾಗುತ್ತದೆ.

ಕರುಳಿನಲ್ಲಿ ಸಕ್ರಿಯ ಉರಿಯೂತ ಇರುವವರು, ಇತ್ತೀಚೆಗೆ ಹೊಟ್ಟೆಯ ಅಥವಾ ಗುದನಾಳದ ಶಸ್ತ್ರಚಿಕಿತ್ಸೆ ಆದವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಈ ಪ್ರಯೋಗಕ್ಕೆ ಬೇಡ. ಲೇಟೆಕ್ಸ್ ಅಲರ್ಜಿ ಇದೆಯೇ ಎಂದು ಕೇಳಿ, ಚೀಲ ಪಾಲಿಥೀನಿನದಾದರೂ ಕೈಗವಸು ಇದೆಯಲ್ಲ. ಯಂತ್ರದಲ್ಲಿ ಒತ್ತಡಕ್ಕೂ ಗಾತ್ರಕ್ಕೂ ಮೇಲ್ಮಿತಿ ಕಟ್ಟಿಡಿ. ಗುದನಾಳದಲ್ಲಿ ಸಾಮಾನ್ಯವಾಗಿ 50ರಿಂದ 60 ಮಿ.ಮೀ. ಪಾದರಸದ ಆಚೆ ಹೋಗುವುದಿಲ್ಲ. ತಟ್ಟನೆ ಹಿಗ್ಗಿಸಿದಾಗ ಕೆಲವರಿಗೆ ನಾಡಿ ಇಳಿದು ತಲೆಸುತ್ತು ಬರುತ್ತದೆ. ಮಲಗಿಸಿಯೇ ಮಾಡಿ, ನಾಡಿ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿಡಿ.

ಹೆಜ್ಜೆ 5: ಗುದನಾಳದ ಬ್ಯಾರೋಸ್ಟಾಟ್ ಪ್ರಯೋಗ, ಆರಂಭದಿಂದ ಕೊನೆವರೆಗೆ

ಮೊದಲ ಬಾರಿಗೆ ಕಲಿಯುವವರು ಇದರಿಂದಲೇ ಶುರುಮಾಡುವುದು ಒಳ್ಳೆಯದು. 1997ರಲ್ಲಿ ಪರಿಣತರ ಗುಂಪೊಂದು ಇದಕ್ಕೆ ಒಂದು ಸಾಮಾನ್ಯ ಕ್ರಮ ಹಾಕಿಕೊಟ್ಟಿತು. ಈಗಿನ ಹೆಚ್ಚಿನ ಲ್ಯಾಬುಗಳು ಅದರ ಆಸುಪಾಸಿನಲ್ಲೇ ಇವೆ.

ಹಿಂದಿನ ದಿನ: ನೋವಿನ ಮಾತ್ರೆ, ಕರುಳಿನ ಚಲನೆ ಬದಲಿಸುವ ಮಾತ್ರೆ, ಮದ್ಯ ಬೇಡ. ರಾತ್ರಿಯಿಂದ ಉಪವಾಸ. ನಿತ್ಯದ ಮಾತ್ರೆ ನಿಲ್ಲಿಸಲು ಆಗದಿದ್ದರೆ ಯಾವುದು, ಎಷ್ಟು ಎಂದು ಬರೆದಿಡಿ.

ಚೀಲದ ಪರೀಕ್ಷೆ: 500ರಿಂದ 600 ಮಿ.ಲೀ. ಹಿಡಿಯುವ ಪಾಲಿಥೀನ್ ಚೀಲವನ್ನು ಎರಡು ಕೊಳವೆಗಳ ನಳಿಗೆಗೆ ಎರಡೂ ತುದಿಯಲ್ಲಿ ಬಿಗಿಯಾಗಿ ಕಟ್ಟಿ. ಒಂದು ಕೊಳವೆಯಿಂದ ಗಾಳಿ ಹೋಗುತ್ತದೆ, ಇನ್ನೊಂದು ಒತ್ತಡ ಅಳೆಯುತ್ತದೆ. ಎರಡೂ ಕೆಲಸಕ್ಕೆ ಒಂದೇ ಕೊಳವೆ ಬಳಸಿದರೆ ಗಾಳಿ ಹರಿಯುವಾಗ ಆಗುವ ಒತ್ತಡದ ಏರುಪೇರು ಅಳತೆಗೆ ಸೇರಿಬಿಡುತ್ತದೆ. ಚೀಲ ಹಿಗ್ಗಿಸಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೆಯೇ ನೋಡಿ. ಬೇಸರದ ಕೆಲಸ ಅಂತ ಬಿಟ್ಟರೆ ಪ್ರಯೋಗದ ನಡುವೆ ಸೋರುವ ಚೀಲ ಇಡೀ ದಿನವನ್ನು ಹಾಳು ಮಾಡುತ್ತದೆ.

ತಯಾರಿ: ಸಣ್ಣ ಎನಿಮಾ ಕೊಟ್ಟು ಗುದನಾಳ ಖಾಲಿ ಮಾಡಿಸಿ. ಆಮೇಲೆ ಕಡೇಪಕ್ಷ ಅರ್ಧ ಗಂಟೆ ಬಿಡುವು ಕೊಡಿ. ಎಡ ಮಗ್ಗುಲಿಗೆ ಮಲಗಿಸಿ. ಮಡಚಿದ ಚೀಲಕ್ಕೆ ಜೆಲ್ ಹಚ್ಚಿ ಒಳಗೆ ಸೇರಿಸಿ. ಚೀಲದ ಕೆಳತುದಿ ಗುದದ್ವಾರದಿಂದ ಸುಮಾರು 5 ಸೆಂ.ಮೀ. ಒಳಗಿರಲಿ. ಇನ್ನೂ ಕೆಳಗಿದ್ದರೆ ಗುದದ ಸ್ನಾಯುವಿನ ಬಿಗಿಯೂ ಅಳತೆಗೆ ಸೇರುತ್ತದೆ. ಸ್ವಲ್ಪ ಗಾಳಿ ಬಿಟ್ಟು ಮಡಿಕೆ ಬಿಡಿಸಿ, ಮತ್ತೆ ಖಾಲಿ ಮಾಡಿ.

ತಳದ ಒತ್ತಡ: ಹೊಟ್ಟೆಯ ಉಳಿದ ಅಂಗಗಳ ಭಾರ ಚೀಲದ ಮೇಲೆ ಇದ್ದೇ ಇರುತ್ತದೆ. ಅದನ್ನು ಮೀರಿದ ಮೇಲೆಯೇ ನಿಮ್ಮ ಒತ್ತಡಕ್ಕೆ ಅರ್ಥ. ನಿಮಿಷಕ್ಕೆ 1 ಮಿ.ಮೀ. ಪಾದರಸದಂತೆ ಏರಿಸುತ್ತ ಹೋಗಿ. ಚೀಲದಲ್ಲಿ 30 ಮಿ.ಲೀ. ಗಾಳಿ ನಿಂತು, ಗಾತ್ರದ ಗೆರೆ ಉಸಿರಾಟದ ಜೊತೆ ಏರಿಳಿಯತೊಡಗಿದರೆ ಆ ಒತ್ತಡವೇ ತಳ. ಅದಕ್ಕೆ 2 ಕೂಡಿಸಿ ಕೆಲಸದ ಒತ್ತಡ ಎಂದು ಇಟ್ಟುಕೊಳ್ಳುತ್ತಾರೆ. ಬೊಜ್ಜಿರುವವರಲ್ಲಿ ತಳದ ಒತ್ತಡ ಹೆಚ್ಚಾಗಿರಬಹುದು. ಇದನ್ನು ಕಳೆಯದೆ ಬರೆದ ಅಂಕಿಗಳನ್ನು ಒಬ್ಬರದಕ್ಕೆ ಇನ್ನೊಬ್ಬರದನ್ನು ಹೋಲಿಸುವಂತಿಲ್ಲ.

ಪಳಗಿಸುವ ಸುತ್ತು: ಮೊದಲ ಸಲ ಹಿಗ್ಗಿಸಿದಾಗ ಗೋಡೆಯೂ ಬಿಗಿಯಾಗಿರುತ್ತದೆ, ಮನುಷ್ಯರೂ ಬಿಗಿಯಾಗಿರುತ್ತಾರೆ. ಒಂದು ಸುತ್ತು ಮೆಲ್ಲಗೆ ಏರಿಸಿ ಇಳಿಸಿ. ಈ ಸುತ್ತಿನ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹತ್ತು ನಿಮಿಷ ಬಿಡುವು ಕೊಡಿ.

ಏರು ಮೆಟ್ಟಿಲು: ಕೆಲಸದ ಒತ್ತಡದಿಂದ 4 ಮಿ.ಮೀ. ಪಾದರಸದ ಮೆಟ್ಟಿಲಿನಂತೆ ಏರಿಸಿ. ಪ್ರತಿ ಮೆಟ್ಟಿಲಿನಲ್ಲಿ 60 ಸೆಕೆಂಡು ನಿಲ್ಲಿಸಿ, ಅರ್ಧ ಸಮಯ ಕಳೆದ ಮೇಲೆ ಕೇಳಿ. ಮೊದಲು ಏನೋ ಇದೆ ಎಂಬ ಅರಿವು, ಆಮೇಲೆ ಮಲವಿಸರ್ಜನೆಯ ಒತ್ತಡ, ತಡೆಯಲಾಗದ ಅವಸರ, ಕೊನೆಗೆ ನೋವು. ಯಾವ ಒತ್ತಡದಲ್ಲಿ ಯಾವುದು ಶುರುವಾಯಿತು ಎಂದು ಬರೆದುಕೊಳ್ಳಿ. ಇವೇ ಥ್ರೆಶೋಲ್ಡ್‌ಗಳು. ಇದೇ ದಾಖಲೆಯಿಂದ ಒತ್ತಡ ಏರಿದಂತೆ ಗಾತ್ರ ಎಷ್ಟು ಏರಿತು ಎಂಬ ಗೆರೆ ಎಳೆದು, ಗುದನಾಳ ಎಷ್ಟು ಬಗ್ಗುತ್ತದೆ ಎಂದು ತಿಳಿಯಬಹುದು.

ಅಡ್ಡಾದಿಡ್ಡಿ ಸುತ್ತು: ಮೆಟ್ಟಿಲಿನಲ್ಲಿ ಒಂದು ದೊಡ್ಡ ದೋಷವಿದೆ. ಮುಂದಿನದು ಇದಕ್ಕಿಂತ ಜೋರು ಎಂದು ಎಲ್ಲರಿಗೂ ಗೊತ್ತು. ಹೆದರಿದವರು ನೋವು ಬರುವ ಮುಂಚೆಯೇ ನೋವು ಅನ್ನುತ್ತಾರೆ. ಅದಕ್ಕಾಗಿ ಮತ್ತೊಂದು ಸುತ್ತಿನಲ್ಲಿ 12, 24, 36 ಮಿ.ಮೀ. ಪಾದರಸದಂಥ ಮಟ್ಟಗಳನ್ನು ಕ್ರಮ ತಪ್ಪಿಸಿ ಕೊಡಿ. ನಡುವೆ ಕೆಲಸದ ಒತ್ತಡಕ್ಕೆ ಇಳಿಸಿ ಒಂದೆರಡು ನಿಮಿಷ ಬಿಡುವು. ಏನೂ ಕೊಡದ ಸುಳ್ಳು ಸುತ್ತುಗಳನ್ನೂ ಸೇರಿಸಿ, ಯಂತ್ರದ ಸದ್ದು ಮಾತ್ರ ಕೇಳಿಸಲಿ. ಏನೂ ಕೊಡದಾಗಲೂ ಎಷ್ಟು ಸಲ ನೋವು ಎಂದರು ಎನ್ನುವುದು ತುಂಬ ಬೆಲೆಬಾಳುವ ಅಂಕಿ.

ಮೇಲ್ಮಿತಿ ತಲುಪಿದರೂ ಕೆಲವರಿಗೆ ನೋವೇ ಬರುವುದಿಲ್ಲ. ಆಗ ಅವರ ಹೆಸರಿನ ಮುಂದೆ ಸುಮ್ನೆ 60 ಎಂದು ಬರೆದು ಸರಾಸರಿಗೆ ಸೇರಿಸಬೇಡಿ. ಅವರ ನಿಜವಾದ ಮಟ್ಟ 60ಕ್ಕಿಂತ ಮೇಲೆ ಎಲ್ಲೋ ಇದೆ ಎಂಬುದಷ್ಟೇ ನಿಮಗೆ ಗೊತ್ತು. ಸರ್ವೈವಲ್ ಅನಾಲಿಸಿಸ್ (ಮಿತಿಯೊಳಗೆ ಘಟನೆ ಕಾಣದವರನ್ನೂ ಸರಿಯಾಗಿ ಲೆಕ್ಕಕ್ಕೆ ಸೇರಿಸುವ ವಿಧಾನ) ಬಲ್ಲ ಅಂಕಿಅಂಶದವರನ್ನು ಮೊದಲೇ ಮಾತಾಡಿಸಿ.

ಹೆಜ್ಜೆ 6: ಅನ್ನನಾಳ ಕೆರಳಿಸುವ ಪ್ರಯೋಗ

ಅನ್ನನಾಳಕ್ಕೆ ಆಮ್ಲ ಹರಿಸುವ ಪರೀಕ್ಷೆಯನ್ನು 1958ರಲ್ಲಿ ಬರ್ನ್‌ಸ್ಟೀನ್ ಮತ್ತು ಬೇಕರ್ ವಿವರಿಸಿದರು. ಎದೆಯುರಿ ಆಮ್ಲದಿಂದಲೇ ಬರುತ್ತಿದೆಯೇ ಎಂದು ತಿಳಿಯುವುದು ಅವರ ಉದ್ದೇಶ. 2000ದಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ತಂಡದ ಪ್ರಯೋಗ ಅದನ್ನೇ ಜಾಣತನದಿಂದ ತಿರುಗಿಸಿತು. ಅನ್ನನಾಳದ ಕೆಳಭಾಗಕ್ಕೆ ಅರ್ಧ ಗಂಟೆ ಆಮ್ಲ ಹರಿಸಿದರು. ಅಳೆದದ್ದು ಮಾತ್ರ ಆಮ್ಲ ತಾಗದ ಮೇಲ್ಭಾಗದಲ್ಲಿ, ಕರೆಂಟು ಕೊಟ್ಟು. ಮೇಲ್ಭಾಗವೂ ಎದೆಯ ಚರ್ಮವೂ ಹೆಚ್ಚು ಸೂಕ್ಷ್ಮವಾದವು. ಆಮ್ಲ ತಾಗದ ಕಡೆ ಬದಲಾವಣೆ ಆಯಿತೆಂದರೆ ಅದು ಬೆನ್ನುಹುರಿಯ ಮಟ್ಟದಲ್ಲೇ ಆಗಿರಬೇಕು ಅಲ್ವಾ? ಹೃದಯದ ತೊಂದರೆ ಇಲ್ಲದೆ ಎದೆನೋವು ಬರುವ ರೋಗಿಗಳಲ್ಲಿ ಈ ಕೆರಳಿಕೆ ಇನ್ನೂ ಜಾಸ್ತಿ, ಇನ್ನೂ ಹೆಚ್ಚು ಹೊತ್ತು ಇತ್ತು.

ಇದನ್ನು ಮಾಡುವ ಕ್ರಮ ಹೀಗಿದೆ. ಎರಡು ಜಾಗಗಳ ನಡುವೆ ಸಾಕಷ್ಟು ಅಂತರ ಇರುವ ನಳಿಗೆ ಇಳಿಸಿ. ಆಮ್ಲ ಮೇಲೆ ಬರುತ್ತಿಲ್ಲ ಎಂದು ಖಾತ್ರಿಪಡಿಸಲು ಮೇಲ್ಭಾಗದಲ್ಲಿ ಪಿಎಚ್ ಸೆನ್ಸರ್ ಇರಲಿ. ಅದಿಲ್ಲದೆ ಇಡೀ ವಾದವೇ ಬಿದ್ದುಹೋಗುತ್ತದೆ. ಮೊದಲು ಎರಡು ಮೂರು ಸಲ ಅಳೆದು ತಳದ ಮಟ್ಟ ಸ್ಥಿರವಾಗಿದೆ ಎಂದು ನೋಡಿ. ಆಮೇಲೆ ಆಮ್ಲ ಹರಿಸಿ, ನಿಂತ ಮೇಲೂ ಅರ್ಧ ಗಂಟೆಗೊಮ್ಮೆ ಅಳೆಯುತ್ತ ಹೋಗಿ. ಇನ್ನೊಂದು ದಿನ ಅದೇ ವ್ಯಕ್ತಿಗೆ ಅದೇ ವೇಗದಲ್ಲಿ ಉಪ್ಪುನೀರು. ಯಾವುದು ಯಾವ ದಿನ ಎಂದು ಅವರಿಗೂ ಅಳೆಯುವವರಿಗೂ ಗೊತ್ತಿರಬಾರದು. ಆಮ್ಲ ಉರಿಯುವುದರಿಂದ ಸ್ವಯಂಸೇವಕರು ಊಹಿಸಿಬಿಡಬಹುದು, ಅದಕ್ಕೆ ಪೂರ್ತಿ ಪರಿಹಾರವಿಲ್ಲ. ಕೊನೆಗೆ ಯಾವ ದಿನ ಯಾವುದು ಅನ್ನಿಸಿತು ಎಂದು ಕೇಳಿ ಬರೆದಿಡಿ. ಎಲ್ಲರೂ ಕೆರಳುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಟ್ಟು ಜನರ ಸಂಖ್ಯೆ ನಿರ್ಧರಿಸಿ.

ಹೆಜ್ಜೆ 7: ನೋವನ್ನು ಬರೆದುಕೊಳ್ಳುವುದು

ಚರ್ಮದ ನೋವಿಗೆ ಬಳಸುವ 0ಯಿಂದ 10ರ ಅಳತೆಪಟ್ಟಿ ಇಲ್ಲಿ ಅಷ್ಟು ಹೊಂದುವುದಿಲ್ಲ. ನೋವಿನ ಕೆಳಗೆ ಇನ್ನೂ ಹಲವು ಅರಿವುಗಳಿವೆ. ಹಾಗಾಗಿ 5ನ್ನು ನೋವು ಶುರುವಾಗುವ ಬಿಂದು ಎಂದಿಟ್ಟು, ಅದರ ಕೆಳಗೆ ನೋವಿಲ್ಲದ ಅರಿವು, ಮೇಲೆ ನೋವು ಎಂದು ಮಾಡಿಕೊಂಡರೆ ಎರಡೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಎಷ್ಟು ತೀವ್ರ, ಎಷ್ಟು ಅಸಹನೀಯ ಎಂಬ ಎರಡು ಪ್ರಶ್ನೆಗಳನ್ನು ಬೇರೆಯಾಗಿ ಕೇಳಿ. ಪಾರದರ್ಶಕ ಹಾಳೆಯನ್ನು ಹೊಟ್ಟೆಯ ಮೇಲಿಟ್ಟು ನೋವು ಎಲ್ಲಿ ಕಾಣಿಸಿತು ಎಂದು ಅವರಿಂದಲೇ ಗೆರೆ ಎಳೆಸಿ. ಆ ಜಾಗದ ವಿಸ್ತೀರ್ಣವನ್ನು ಆಮೇಲೆ ಚದರ ಸೆಂಟಿಮೀಟರಿನಲ್ಲಿ ಅಳೆಯಬಹುದು. ಖರ್ಚಿಲ್ಲದ ಈ ಅಳತೆ ಬೆನ್ನುಹುರಿಯ ಕೆರಳಿಕೆಯ ಬಗ್ಗೆ ಎಷ್ಟೋ ಹೇಳುತ್ತದೆ. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಕೇಳುವ ಮಾತು ಮೊದಲೇ ಬರೆದಿಟ್ಟದ್ದಾಗಿರಲಿ. "ನೋವಾಯ್ತಾ?" ಎಂದು ಕೇಳಬೇಡಿ, "ಈಗ ಏನನ್ನಿಸುತ್ತಿದೆ?" ಎಂದು ಕೇಳಿ. ಎಲ್ಲರಿಗೂ ಅದೇ ಮಾತು, ಅದೇ ದನಿ. ಕರುಣೆಯಿಂದ ಮಧ್ಯೆ ಸಮಾಧಾನ ಹೇಳಿದರೂ ಅಂಕಿ ಬದಲಾಗುತ್ತದೆ.

ಇಇಜಿಯಲ್ಲಿ ಮಿದುಳಿನ ಸ್ಪಂದನೆ ದಾಖಲಿಸಬೇಕೆಂದರೆ ಹತ್ತಾರು ಸಲ ಪ್ರಚೋದನೆ ಕೊಟ್ಟು ಸರಾಸರಿ ತೆಗೆಯಬೇಕು. ಪದೇ ಪದೇ ಕೊಟ್ಟರೆ ಮಿದುಳು ಒಗ್ಗಿಕೊಂಡು ಅಲೆ ಸಣ್ಣದಾಗುತ್ತದೆ, ಹಾಗಾಗಿ ನಡುವಿನ ಅಂತರವನ್ನು ಏರುಪೇರು ಮಾಡಿ. ಎಫ್‌ಎಂಆರ್‌ಐ ಎಂಬ ಮಿದುಳಿನ ಸ್ಕ್ಯಾನ್ ಸಮಯದ ವಿಷಯದಲ್ಲಿ ನಿಧಾನ, ಜಾಗದ ವಿಷಯದಲ್ಲಿ ಚುರುಕು. ಇನ್ಸುಲಾ, ಮುಂಭಾಗದ ಸಿಂಗ್ಯುಲೇಟ್, ಥಾಲಮಸ್ ಎಂಬ ಮಿದುಳಿನ ಭಾಗಗಳು ಬೆಳಗುವುದು ಕಾಣುತ್ತದೆ. ಆದರೆ ಆ ಜಾಗಗಳು ಭಯಕ್ಕೂ ಗಮನಕ್ಕೂ ಬೆಳಗುತ್ತವೆ. ಸ್ಕ್ಯಾನಿನ ಬಣ್ಣ ನೋಡಿ ನೋವು ಇದೆ ಇಲ್ಲ ಎಂದು ತೀರ್ಮಾನಿಸುವುದನ್ನು ನಾನಂತೂ ಒಪ್ಪುವುದಿಲ್ಲ. ವ್ಯಕ್ತಿ ಹೇಳಿದ್ದಕ್ಕೆ ಇವು ಪೂರಕ ಅಷ್ಟೆ.

ಹೆಜ್ಜೆ 8: ಕರುಳು ಸೂಕ್ಷ್ಮವೋ, ಮನುಷ್ಯ ಜಾಗರೂಕನೋ?

1973ರಲ್ಲಿ ರಿಚಿ ಎಂಬ ಬ್ರಿಟಿಷ್ ವೈದ್ಯರು ದೊಡ್ಡ ಕರುಳಿನ ಕೆಳಭಾಗದಲ್ಲಿ ಬಲೂನನ್ನು 60 ಮಿ.ಲೀ.ವರೆಗೆ ಹಿಗ್ಗಿಸಿದರು. ಆರೋಗ್ಯವಂತರಲ್ಲಿ ನೂರಕ್ಕೆ 6 ಜನಕ್ಕೆ ನೋವಾಯಿತು, ಐಬಿಎಸ್ ಇದ್ದವರಲ್ಲಿ ನೂರಕ್ಕೆ 55 ಜನಕ್ಕೆ. ಅಲ್ಲಿಂದ ಮುಂದೆ ಐಬಿಎಸ್ ಎಂದರೆ ಅತಿಸೂಕ್ಷ್ಮ ಕರುಳು ಎಂಬ ಮಾತು ಬೇರೂರಿತು. 2007ರಲ್ಲಿ ಬಂದ ಅಧ್ಯಯನವೊಂದು ಎರಡು ಒತ್ತಡಗಳ ವ್ಯತ್ಯಾಸ ಗುರುತಿಸುವ ಶಕ್ತಿಯನ್ನೂ, ನೋವು ಎಂದು ಹೇಳುವ ಪ್ರವೃತ್ತಿಯನ್ನೂ ಬೇರೆ ಬೇರೆ ಅಳೆಯಿತು. ಹೆಚ್ಚಿದ್ದದ್ದು ಎರಡನೆಯದು ಎಂಬ ತೀರ್ಮಾನಕ್ಕೆ ಬಂತು. ಇದರಿಂದ ರೋಗಿಗಳ ನೋವು ಸುಳ್ಳು ಎಂದಾಗುವುದಿಲ್ಲ. ಅನುಭವ ನಿಜ. ಅದು ಕರುಳಿನಲ್ಲೇ ಹುಟ್ಟಿತೇ, ಮೇಲೆ ಎಲ್ಲಾದರೂ ದೊಡ್ಡದಾಯಿತೇ ಎಂಬುದು ಪ್ರಶ್ನೆ, ಯಾಕೆಂದರೆ ಔಷಧಿ ಎಲ್ಲಿಗೆ ಬೇಕು ಎಂಬುದು ಅದರ ಮೇಲೆ ನಿಂತಿದೆ.

ಪ್ರತಿ ಪ್ರಯೋಗದಲ್ಲೂ ಆತಂಕದ ಪ್ರಶ್ನಾವಳಿ ಒಂದಿರಲಿ. ಮಹಿಳೆಯರಲ್ಲಿ ಮುಟ್ಟಿನ ಚಕ್ರದ ದಿನ ಬರೆದಿಡಿ. ದಿನದ ಒಂದೇ ಹೊತ್ತಿನಲ್ಲಿ ಮಾಡಿ. ಕೈಯನ್ನು ಹಿಮದಂಥ ತಣ್ಣೀರಿನಲ್ಲಿ ಅದ್ದಿಸಿ ಅದೇ ಸಮಯಕ್ಕೆ ಗುದನಾಳ ಹಿಗ್ಗಿಸಿದರೆ, ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕರುಳಿನ ನೋವು ಕಡಿಮೆಯಾಗುತ್ತದೆ. ಒಂದು ನೋವು ಇನ್ನೊಂದನ್ನು ತಗ್ಗಿಸುವ ಈ ವ್ಯವಸ್ಥೆ ಐಬಿಎಸ್ ರೋಗಿಗಳಲ್ಲಿ ಹಲವು ಅಧ್ಯಯನಗಳಲ್ಲಿ ದುರ್ಬಲವಾಗಿ ಕಂಡಿದೆ. ಕೂಡಿಸಲು ಸುಲಭ, ಸಿಗುವ ಮಾಹಿತಿ ಹೆಚ್ಚು.

ನಳಿಗೆ ಬೇಡ ಎನ್ನುವವರಿಗೆ

ಜನ ಜಾಸ್ತಿ ಬೇಕು, ಯಾರೂ ನಳಿಗೆ ನುಂಗಲು ಒಪ್ಪುತ್ತಿಲ್ಲ ಎಂದರೆ ಕುಡಿಯುವ ಪರೀಕ್ಷೆ ಇದೆ. ಪೌಷ್ಟಿಕ ಪಾನೀಯವನ್ನು ನಿಮಿಷಕ್ಕೆ 15 ಮಿ.ಲೀ. ವೇಗದಲ್ಲಿ ಕುಡಿಸುತ್ತ, 5 ನಿಮಿಷಕ್ಕೊಮ್ಮೆ ಹೊಟ್ಟೆ ಎಷ್ಟು ತುಂಬಿದೆ ಎಂದು 0ಯಿಂದ 5ರವರೆಗೆ ಕೇಳುತ್ತಾರೆ. 5 ಎಂದಾಗ ನಿಲ್ಲಿಸುತ್ತಾರೆ. ಅಜೀರ್ಣದ ತೊಂದರೆ ಇರುವವರು ಸಾಮಾನ್ಯವಾಗಿ ಬೇಗ ನಿಲ್ಲಿಸುತ್ತಾರೆ. ಅಗ್ಗ, ಸುರಕ್ಷಿತ, ಮತ್ತೆ ಮತ್ತೆ ಮಾಡಬಹುದು. ಆದರೆ ಜಠರ ಸಡಿಲವಾಗದೆ ನಿಂತಿತೋ, ಖಾಲಿಯಾಗುವ ವೇಗವೇ ಬೇರೆಯಾಗಿತ್ತೋ, ನರವೇ ಸೂಕ್ಷ್ಮವೋ, ರುಚಿಯೇ ಸೇರಲಿಲ್ಲವೋ ಎಂದು ಇದು ಬಿಡಿಸಿ ಹೇಳುವುದಿಲ್ಲ. ಮೊದಲ ಜರಡಿಯಾಗಿ ಬಳಸಿ, ಕಾರಣ ಯಾವುದು ಎಂಬ ಪ್ರಶ್ನೆಗೆ ಬ್ಯಾರೋಸ್ಟಾಟ್‌ಗೇ ಹೋಗಿ.

ಹೆಜ್ಜೆ 9: ಔಷಧಿ ಪರೀಕ್ಷೆ ಮತ್ತು ವರದಿ

ಔಷಧಿ ಪರೀಕ್ಷೆಗೆ ಒಬ್ಬರಿಗೇ ಎರಡು ದಿನ, ಒಮ್ಮೆ ಔಷಧಿ ಒಮ್ಮೆ ಸುಳ್ಳು ಮಾತ್ರೆ, ನಡುವೆ ಔಷಧಿ ಪೂರ್ತಿ ಇಳಿಯುವಷ್ಟು ಅಂತರ. ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸ ದೊಡ್ಡದಾದ್ದರಿಂದ ಈ ವಿನ್ಯಾಸ ಕಡಿಮೆ ಜನರಲ್ಲೇ ಉತ್ತರ ಕೊಡುತ್ತದೆ. ಅದೇ ದಿನ ಚರ್ಮ ಮತ್ತು ಸ್ನಾಯುವಿನ ನೋವನ್ನೂ ಅಳೆಯಿರಿ. ಔಷಧಿ ಎಲ್ಲ ಕಡೆ ಒಂದೇ ಥರ ತಗ್ಗಿಸಿದರೆ ಅದು ಮಂಪರಿನ ಪರಿಣಾಮವೇ ಇರಬಹುದು. ಮಾರ್ಫಿನ್ ಜಾತಿಯ ಔಷಧಿಗಳು ಕರುಳಿನ ಬಿಗಿಯನ್ನೂ ಬದಲಿಸುತ್ತವೆ, ಆದ್ದರಿಂದ ಒತ್ತಡ, ಗಾತ್ರದ ಗೆರೆಯನ್ನು ಔಷಧಿಗೆ ಮುಂಚೆ ಮತ್ತು ಆಮೇಲೆ ಹೋಲಿಸಿ ನೋಡದೆ ನೋವಿನ ಅಂಕಿಯನ್ನು ನಂಬಬೇಡಿ.

ವರದಿಯಲ್ಲಿ ಚೀಲದ ವಸ್ತು, ಆಕಾರ, ಪೂರ್ತಿ ಗಾತ್ರ, ಗಾಳಿ ತುಂಬಿದ ವೇಗ, ಪ್ರತಿ ಮೆಟ್ಟಿಲಿನ ಅವಧಿ, ತಳದ ಒತ್ತಡ ಕಳೆದಿದ್ದೀರೋ ಇಲ್ಲವೋ, ವ್ಯಕ್ತಿ ಮಲಗಿದ್ದ ಭಂಗಿ, ಕೇಳಿದ ಪ್ರಶ್ನೆಯ ಪೂರ್ತಿ ವಾಕ್ಯ ಇವೆಲ್ಲ ಇರಲಿ. ವೇಗವನ್ನು ಬರೆಯಲು ಮರೆಯುವವರು ಬಹಳ. ಮೆಲ್ಲಗೆ ಹಿಗ್ಗಿಸಿದರೆ ಮತ್ತು ತಟ್ಟನೆ ಹಿಗ್ಗಿಸಿದರೆ ಬರುವ ಥ್ರೆಶೋಲ್ಡ್‌ಗಳು ಬೇರೆಯಾಗಿರುವುದರಿಂದ, ಅದೊಂದು ಅಂಕಿ ಇಲ್ಲದಿದ್ದರೆ ನಿಮ್ಮ ಪ್ರಯೋಗವನ್ನು ಇನ್ನೊಂದು ಲ್ಯಾಬ್ ಮಾಡಿ ನೋಡಲು ಸಾಧ್ಯವೇ ಇಲ್ಲ. ಬಿಟ್ಟುಹೋದವರ ಸಂಖ್ಯೆಯನ್ನೂ, ಅವರು ಯಾವ ಒತ್ತಡದಲ್ಲಿ ನಿಲ್ಲಿಸಿದರು ಎಂಬುದನ್ನೂ ಬರೆಯಿರಿ. ಹೆಚ್ಚು ನೋವಾದವರೇ ಮೊದಲು ಎದ್ದು ಹೋಗುವುದು, ಉಳಿದವರ ಸರಾಸರಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.